ಉಣುಗಿನ ಮಾಡೆಲ್ ಕಟ್ಟುವುದು ಹೇಗೆ? ಹಾಸನ, ಚಿಕ್ಕಮಗಳೂರಲ್ಲಿ ಪೋಸ್ಟ್‌ಡಾಕ್ ಮಾಡಬೇಕೆನ್ನುವವರಿಗೆ

ಪಿಎಚ್‌ಡಿ ಮುಗಿಸಿದ ಪಶುವೈದ್ಯರು, ಪ್ರಾಣಿಶಾಸ್ತ್ರದವರು, ಈಚೆಗೆ ಗಣಿತ ಓದಿದವರೂ ನನ್ನನ್ನು ಕೇಳುವುದು ಒಂದೇ ಮಾತು. "ದನಗಳ ಉಣುಗು, ಅದರಿಂದ ಬರೋ ರೋಗ, ಇದರ ಮೇಲೆ ಮಾಡೆಲಿಂಗ್ ಮಾಡಬೇಕು. ಎಲ್ಲಿಂದ ಶುರು ಮಾಡೋದು? ಯಾವ ಸಾಫ್ಟ್‌ವೇರ್ ಕಲೀಬೇಕು?" ಸಾಫ್ಟ್‌ವೇರ್ ಪ್ರಶ್ನೆಗೆ ಮುಂದೆ ಎರಡು ಸಾಲು ಸಾಕು. ಮೊದಲನೇ ಪ್ರಶ್ನೆಗೇ ಈ ಲೇಖನವೆಲ್ಲ.

ಮಾಡೆಲ್ ಅಂದರೆ ಉಣುಗಿನ ಬದುಕನ್ನು ಲೆಕ್ಕದಲ್ಲಿ ಬರೆದಿಡುವುದು, ಅಷ್ಟೇ. ಎಷ್ಟು ಮೊಟ್ಟೆ ಇಟ್ಟಿತು, ಎಷ್ಟು ಒಡೆಯಿತು, ಎಷ್ಟು ಮರಿ ದನ ಹತ್ತಿತು, ಎಷ್ಟು ರಕ್ತ ಕುಡಿದು ಕೆಳಗೆ ಬಿತ್ತು. ಇದನ್ನು ವಾರವಾರ ಲೆಕ್ಕ ಹಾಕುತ್ತಾ ಹೋದರೆ ಮುಂದಿನ ಮಳೆಗಾಲಕ್ಕೆ ಏನಾಗಬಹುದು, ಔಷಧಿ ಹೊಡೆದರೆ ಏನು, ಹೊಡೆಯದಿದ್ದರೆ ಏನು ಅಂತ ಕೇಳಿ ನೋಡಬಹುದು.

ಹೆಸರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನ ಕಡೆ ಉಣುಗು ಅಂತಾರೆ, ಬಯಲುಸೀಮೆ ಕಡೆ ಉಣ್ಣೆ, ಉಣ್ಣಿ ಅಂತಲೂ ಅಂತಾರೆ. ಇಂಟರ್‌ನೆಟ್‌ನಲ್ಲಿ ಉಣ್ಣೆ ಅಂತ ಹುಡುಕಿದರೆ ಸ್ವೆಟರ್ ಬರುತ್ತೆ. ಇಲ್ಲಿ ಉಣುಗು ಅಂತಲೇ ಬರೆಯುತ್ತೇನೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಚಿಮುಟ, ಮುಚ್ಚಳ ಇರುವ ಪುಟ್ಟ ಶೀಶೆಗಳು, 70 ಪರ್ಸೆಂಟ್ ಆಲ್ಕೋಹಾಲ್, ಮಿಲಿಮೀಟರ್ ಗೆರೆ ಇರುವ ಸ್ಕೇಲು, ಬಿಳಿ ಫ್ಲಾನೆಲ್ ಬಟ್ಟೆ, ಒಂದು ನೋಟ್‌ಬುಕ್, ಪೆನ್ಸಿಲ್. ಶೀಶೆಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗಿಹೋಗುತ್ತೆ.

1. ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

"ಕರ್ನಾಟಕದಲ್ಲಿ ಉಣುಗಿನಿಂದ ಹರಡುವ ರೋಗಗಳ ಮಾಡೆಲ್" ಅನ್ನುವುದು ಒಂದು ಸಂಸ್ಥೆ ಇಪ್ಪತ್ತು ವರ್ಷ ಮಾಡುವ ಕೆಲಸ. ಪೋಸ್ಟ್‌ಡಾಕ್‌ನಲ್ಲಿ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಯಲ್ಲಿ, ನಿಮ್ಮ ಹತ್ತಿರ ಇರುವುದು ಎರಡು ವರ್ಷ. ಹಾಗಾಗಿ ಒಂದು ಉಣುಗು, ಒಂದು ರೋಗ, ಒಂದು ನಿರ್ಧಾರ ಹಿಡಿಯಿರಿ. ಉದಾಹರಣೆಗೆ: "ಸಕಲೇಶಪುರದ ಕಡೆ ಸೀಮೆ ಹಸು ಸಾಕಿದವರು ವರ್ಷದಲ್ಲಿ ಯಾವ ವಾರಗಳಲ್ಲಿ ಔಷಧಿ ಹೊಡೆದರೆ ಅತಿ ಕಮ್ಮಿ ಸಲ ಹೊಡೆದಂತಾಗುತ್ತೆ?" ಇದಕ್ಕೆ ಉತ್ತರ ಸಿಕ್ಕರೆ ಹಾಲಿನ ಡೇರಿ ಕಾರ್ಯದರ್ಶಿಗೂ ಅರ್ಥವಾಗುತ್ತೆ, ಫೆಲೋಶಿಪ್ ಕಮಿಟಿಗೂ ಅರ್ಥವಾಗುತ್ತೆ.

2. ಯಾವ ಉಣುಗು ಅಂತ ಮೊದಲು ತಿಳಿಯಿರಿ

ಜನ ಹೆಚ್ಚು ಎಡವುವುದು ಇಲ್ಲೇ. ಎಲ್ಲವನ್ನೂ ಸುಮ್ನೆ ಉಣುಗು ಅಂತ ಎಣಿಸಿ, ಒಂದೇ ಮಾಡೆಲ್‌ಗೆ ಸುರಿದುಬಿಡುತ್ತಾರೆ. ಒಂದೊಂದು ಜಾತಿಯ ಬದುಕೂ ಬೇರೆ. ಮಾಡೆಲ್‌ನ ಆಕಾರ ಆ ಬದುಕಿನಂತೆಯೇ ಇರಬೇಕು.

ದನಗಳ ಮೇಲೆ ಸಾಮಾನ್ಯವಾಗಿ ಸಿಗುವ ರಿಪಿಸೆಫಾಲಸ್ ಮೈಕ್ರೋಪ್ಲಸ್ ಒಂದೇ ಮನೆಯ ಗಿರಾಕಿ. ಹುಲ್ಲಿನ ತುದಿಯಲ್ಲಿ ಕಾದು ಕೂತ ಮರಿ ಹಸು ಹತ್ತುತ್ತೆ, ಅಲ್ಲೇ ಎರಡು ಸಲ ಪೊರೆ ಬಿಡುತ್ತೆ, ಅಲ್ಲೇ ಕೂಡುತ್ತೆ. ಸುಮಾರು ಮೂರು ವಾರಕ್ಕೆ ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಬೀಳುತ್ತೆ. ನೆಲದಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತೆ.

ಹಯಾಲೊಮ್ಮಾ ಅನಟೋಲಿಕಮ್ ಹಾಗಲ್ಲ. ಒಂದು ಹಂತದಲ್ಲಿ ರಕ್ತ ಕುಡಿದು ಇಳಿಯುತ್ತೆ, ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಪೊರೆ ಬಿಡುತ್ತೆ, ಮತ್ತೆ ಇನ್ನೊಂದು ದನ ಹತ್ತುತ್ತೆ. ಕಾಲಿನಲ್ಲಿ ಬಿಳಿ ಪಟ್ಟೆ ಇದ್ದರೆ ಹಯಾಲೊಮ್ಮಾ ಇರಬಹುದು ಅಂತ ಅನುಮಾನ ಪಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಮೂರನೆಯದು ಕಾಡಿನ ಅಂಚಿನ ಹೀಮಫೈಸಾಲಿಸ್ ಸ್ಪಿನಿಜೆರಾ. ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಇದೇ. ಮರಿಗಳು, ಎಳೆ ಉಣುಗುಗಳು ಇಲಿ, ಹಕ್ಕಿ, ಮಂಗ, ಮನುಷ್ಯ ಅಂತ ಸಿಕ್ಕಿದ್ದನ್ನು ಹತ್ತುತ್ತವೆ. ಬೆಳೆದ ಉಣುಗಿಗೆ ದನದಂಥ ದೊಡ್ಡ ಪ್ರಾಣಿ ಬೇಕು. ದನದಿಂದ ಮಂಗನ ಕಾಯಿಲೆ ಹರಡುವುದಿಲ್ಲ. ಆದರೆ ಕಾಡಿಗೆ ಮೇಯಲು ಹೋದ ದನ ಈ ಉಣುಗಿನ ಸಂಖ್ಯೆಯನ್ನು ಏರಿಸುತ್ತೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕೆಲಸ ಮಾಡುವವರು ಈ ವ್ಯತ್ಯಾಸವನ್ನು ಊರಿನವರಿಗೆ ಬಿಡಿಸಿ ಹೇಳಲೇಬೇಕು. ಇಲ್ಲದಿದ್ದರೆ ಅಪವಾದ ಹಸುವಿನ ತಲೆಗೆ ಕಟ್ಟುತ್ತೆ.

ಗುರುತಿಸಲು ಒಬ್ಬರೇ ಒದ್ದಾಡಬೇಡಿ. ಹಾಸನದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಪರೋಪಜೀವಿಶಾಸ್ತ್ರ ವಿಭಾಗ ಇರುತ್ತೆ, ಅಂದರೆ ಇನ್ನೊಂದರ ಮೈಮೇಲೆ ಬದುಕುವ ಜೀವಿಗಳನ್ನು ಓದುವವರು. ಮೊದಲ ಐವತ್ತು ಉಣುಗನ್ನು ಅವರ ಪಕ್ಕ ಕೂತು ನೋಡಿ.

3. ಅನುಮತಿ ಮತ್ತು ಮೈಗಾವಲು

ಅನುಮತಿ ಪತ್ರಗಳನ್ನು ಮೊದಲ ತಿಂಗಳೇ ಹಾಕಿ. ಪ್ರಾಣಿಗಳ ಮೇಲೆ ಸಂಶೋಧನೆ ಅಂದಮೇಲೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯನ್ನು ಕೇಳಬೇಕು, ಬರೀ ಎಣಿಸುತ್ತೇವೆ ಅಂದರೂ. ಕಾಡಿಗೆ ಕಾಲಿಡುವುದಾದರೆ ಅರಣ್ಯ ಇಲಾಖೆ. ಹಸುವಿನ ಯಜಮಾನರ ಒಪ್ಪಿಗೆ ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ.

ಮಂಗನ ಕಾಯಿಲೆಯ ಕಾಲ ಸುಮಾರು ಡಿಸೆಂಬರ್‌ನಿಂದ ಮೇ. ಆಗ ಕಾಡಂಚಿನಲ್ಲಿ ಓಡಾಡುವಾಗ ತಿಳಿ ಬಣ್ಣದ ಉದ್ದ ತೋಳಿನ ಬಟ್ಟೆ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ, ಆರೋಗ್ಯ ಇಲಾಖೆಯವರು ಹೇಳುವ ಉಣುಗು ನಿರೋಧಕ ಎಣ್ಣೆ ಹಚ್ಚಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಮೈ ತಪಾಸಣೆ. ಉಣುಗನ್ನು ಉಗುರಿನಲ್ಲಿ ಚಿಟುಕಿಸಿ ಸಾಯಿಸುವ ಅಭ್ಯಾಸ ನಮ್ಮೂರಲ್ಲಿ ಎಲ್ಲರಿಗೂ ಇದೆ. ಬಿಡಿ, ಬಿಡಿಸಿ. ಹಯಾಲೊಮ್ಮಾ ಜಾತಿಯವು ಹರಡುವ ಕ್ರಿಮಿಯನ್-ಕಾಂಗೊ ಜ್ವರ 2011ರಲ್ಲಿ ಗುಜರಾತಿನಲ್ಲಿ ಕಂಡಿತ್ತು. ಅದರ ವೈರಸ್ ಉಣುಗಿನ ರಸದಿಂದಲೂ ಅಂಟಬಲ್ಲದು.

4. ಎಣಿಕೆ

ಒಂದು ಹಸುವಿನ ಮೈಮೇಲಿನ ಪ್ರತಿ ಉಣುಗನ್ನೂ ಎಣಿಸಲಾಗುವುದಿಲ್ಲ. ಎಣಿಸುವ ಅಗತ್ಯವೂ ಇಲ್ಲ. ರಿಪಿಸೆಫಾಲಸ್ ಮೈಕ್ರೋಪ್ಲಸ್‌ಗೆ ಆಸ್ಟ್ರೇಲಿಯಾದ ವಾರ್ಟನ್ ಮತ್ತು ಯೂಟೆಕ್ 1970ರಲ್ಲಿ ತೋರಿಸಿದ ದಾರಿ ಇದೆ. 4.5ರಿಂದ 8 ಮಿಲಿಮೀಟರ್ ಉದ್ದದ ಹೆಣ್ಣು ಉಣುಗುಗಳನ್ನು ಮಾತ್ರ, ಹಸುವಿನ ಒಂದೇ ಮಗ್ಗುಲಲ್ಲಿ ಎಣಿಸಿ, ಎರಡರಿಂದ ಗುಣಿಸಿ. ಈ ಗಾತ್ರದವು ಮುಂದಿನ 24 ಗಂಟೆಯೊಳಗೆ ಹೊಟ್ಟೆ ತುಂಬಿ ಉದುರುವಂಥವು. ಅಂದರೆ ನಿಮಗೆ ಸಿಗುವುದು "ದಿನಕ್ಕೆ ಎಷ್ಟು ಹೆಣ್ಣು ನೆಲಕ್ಕೆ ಬೀಳುತ್ತೆ" ಅನ್ನುವ ಅಂಕಿ. ಮಾಡೆಲ್‌ಗೆ ಬೇಕಾದದ್ದೂ ಅದೇ.

ಬೆಳಗ್ಗೆ ಬೇಗ ಹೋಗಿ. ತುಂಬಿದ ಹೆಣ್ಣುಗಳು ಹೆಚ್ಚಾಗಿ ಬೆಳಗಿನ ಹೊತ್ತಲ್ಲೇ ಉದುರುತ್ತವೆ. ಹತ್ತು ಗಂಟೆಗೆ ಹೋದರೆ ಅರ್ಧ ಲೆಕ್ಕ ನೆಲದ ಮೇಲೆ ಬಿದ್ದಿರುತ್ತೆ. ಹಾಲು ಕರೆಯುವ ಹೊತ್ತು ಒಳ್ಳೆಯದು. ಹಸು ಕಟ್ಟಿರುತ್ತೆ, ಹಿಂಡಿ ತಿನ್ನುತ್ತಾ ಸುಮ್ಮನೆ ನಿಂತಿರುತ್ತೆ. ಕಿವಿಯಿಂದ ಶುರು ಮಾಡಿ ಕುತ್ತಿಗೆ, ಗಂಗೆದೊಗಲು, ಮುಂಗಾಲ ಸಂದು, ಹೊಟ್ಟೆ, ಕೆಚ್ಚಲು, ಬಾಲದ ಬುಡ, ಪ್ರತಿ ಸಲವೂ ಇದೇ ಕ್ರಮದಲ್ಲಿ ಸಾಗಿ. ಕಣ್ಣಿಗಿಂತ ಕೈ ಚುರುಕು: ಅಂಗೈ ಚಪ್ಪಟೆ ಮಾಡಿ ಕೂದಲಿನ ಎದುರು ದಿಕ್ಕಿಗೆ ಸವರಿದರೆ ಬೇಯಿಸಿದ ಅವರೆಕಾಳಿನಂತೆ ಮೆತ್ತಗೆ ಸಿಗುವುದು ತುಂಬಿದ ಹೆಣ್ಣು, ಒರಟು ಕಾಳಿನಂತೆ ತಾಕುವುದು ಇನ್ನೂ ಕುಡಿಯುತ್ತಿರುವುದು. ಕೈಗೆ ಗ್ಲೌಸ್ ಇರಲಿ.

ಪ್ರತಿ ಹಸುವಿನ ಎದುರು ಬರೆಯಲೇಬೇಕಾದ ಮಾತು: ಕೊನೇ ಸಲ ಔಷಧಿ ಯಾವತ್ತು, ಯಾವುದು, ಹೇಗೆ. ಇದನ್ನು ಕೇಳದೆ ಬರೆದ ಸೊನ್ನೆಗೆ ಬೆಲೆ ಇಲ್ಲ. ಅರಸೀಕೆರೆ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನಗುತ್ತಾ ಹೇಳಿದರು, "ನೀವು ಬರ್ತೀರ ಅಂತ ನಿನ್ನೆ ಸಾಯಂಕಾಲನೇ ಎಲ್ಲ ಕಿತ್ತಾಕಿದೀನಿ ಕಣವ್ವ, ನಮ್ಮ ಹಸ ಕೊಳಕಾಗಿದೆ ಅನ್ಕೋಬಾರ್ದು ನೋಡು." ಅವತ್ತಿನ ಹಾಳೆಯಲ್ಲಿ ಅವರ ಹಸುವಿಗೆ ಸೊನ್ನೆ ಇದೆ, ಪಕ್ಕದಲ್ಲಿ "ಕಿತ್ತದ್ದು" ಅಂತಲೂ ಇದೆ. ಹಾಗಾಗಿ ಹೋಗುವ ದಿನ ಮೊದಲೇ ಹೇಳುವುದಾದರೂ ಯಾಕೆ ಹೋಗುತ್ತಿದ್ದೀರಿ ಅಂತ ಬಿಡಿಸಿ ಹೇಳಿ.

ಸರಾಸರಿಯನ್ನು ನಂಬಿ ಕೂರಬೇಡಿ. ಹತ್ತು ಹಸುವಿನ ಎಣಿಕೆ ಹೀಗೆ ಬಂತು ಅಂತಿಟ್ಟುಕೊಳ್ಳಿ: 0, 0, 1, 2, 0, 3, 1, 0, 45, 8. ಒಟ್ಟು 60, ಸರಾಸರಿ 6. ಆರು ಉಣುಗು ಇರುವ ಹಸು ಒಂದೂ ಇಲ್ಲ! ಉಣುಗು ಯಾವಾಗಲೂ ಹೀಗೇ, ಕೆಲವೇ ದನಗಳ ಮೇಲೆ ಗುಂಪುಗೂಡುತ್ತೆ. ಇಂಥ ಲೆಕ್ಕಕ್ಕೆ ನೆಗೆಟಿವ್ ಬೈನಾಮಿಯಲ್ ಅನ್ನುವ ಹಂಚಿಕೆ ಬಳಸುತ್ತಾರೆ. ಹೆಚ್ಚಿನವು ಖಾಲಿ, ಕೆಲವು ತುಂಬಿ ತುಳುಕುವ ಸಂಗತಿಗಳಿಗೆ ಹೊಂದುವ ಅಂಕಿಗಣಿತ ಅದು. ನಿಮ್ಮ ಪಟ್ಟಿಯಿಂದ ಆ 45ರ ಹಸುವನ್ನು "ತಪ್ಪು ಎಣಿಕೆ" ಅಂತ ಕೈಬಿಟ್ಟರೆ ನಿಮ್ಮ ಮುಕ್ಕಾಲು ಪಾಲು ಉಣುಗು ಹೋಯಿತು.

ಹುಲ್ಲಿನ ಮೇಲಿನ ಮರಿಗಳಿಗೆ ಬಿಳಿ ಬಟ್ಟೆ ಎಳೆಯುವ ವಿಧಾನ ಇದೆ. ಒಂದು ಮೀಟರ್ ಬಟ್ಟೆಯನ್ನು ಗೋಮಾಳದಲ್ಲೋ ತೋಟದ ಅಂಚಲ್ಲೋ ನಿಧಾನ ಎಳೆಯುತ್ತಾ ಹೋಗಿ, ಹತ್ತು ಮೀಟರಿಗೊಮ್ಮೆ ತಿರುಗಿಸಿ ನೋಡಿ. ಇಬ್ಬನಿ ಇರುವಾಗ ಎಳೆಯಬೇಡಿ, ಒದ್ದೆ ಬಟ್ಟೆಗೆ ಮರಿ ಅಂಟುವುದಿಲ್ಲ. ಬೆಳೆದ ಹಯಾಲೊಮ್ಮಾವನ್ನು ಹೀಗೆ ಹುಡುಕಿ "ಇಲ್ಲ" ಅಂತ ಬರೆದವರಿದ್ದಾರೆ. ಅದು ಕೊಟ್ಟಿಗೆಯ ಬಿರುಕಿನಲ್ಲಿ ಕೂತಿರುತ್ತೆ, ಹುಲ್ಲಿನಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

5. ಹವಾಮಾನದ ಅಂಕಿ

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಕೇಳಿ ಪಡೆಯಿರಿ. ಉಷ್ಣಾಂಶಕ್ಕೆ ಬಹಳ ಜನ ಇಆರ್‌ಎ5-ಲ್ಯಾಂಡ್ ಅನ್ನುವ ಜಾಗತಿಕ ದತ್ತಾಂಶ ಬಳಸುತ್ತಾರೆ. ಬಿಟ್ಟಿ ಸಿಗುತ್ತೆ, 1950ರಿಂದ ಗಂಟೆಗಂಟೆಯ ಅಂಕಿ ಇದೆ. ಆದರೆ ಅದರ ಒಂದೊಂದು ಚೌಕವೂ ಸುಮಾರು 9 ಕಿಲೋಮೀಟರ್. ಮುಳ್ಳಯ್ಯನಗಿರಿಯ ತಪ್ಪಲಲ್ಲಿ ಒಂದೇ ಚೌಕದೊಳಗೆ ಬೆಟ್ಟವೂ ಇರುತ್ತೆ, ಕಣಿವೆಯೂ ಇರುತ್ತೆ. ನಿಮ್ಮ ಕೊಟ್ಟಿಗೆ ಚೌಕದ ಸರಾಸರಿ ಎತ್ತರಕ್ಕಿಂತ 500 ಮೀಟರ್ ಕೆಳಗಿದ್ದರೆ ಅಲ್ಲಿ ಹತ್ತಿರ ಹತ್ತಿರ 3 ಡಿಗ್ರಿ ಜಾಸ್ತಿ ಇರುತ್ತೆ. ಎರಡು ಮೂರು ಕೊಟ್ಟಿಗೆಯಲ್ಲಿ ಚಿಕ್ಕ ಲಾಗರ್ ತೂಗುಹಾಕಿ, ಅಂದರೆ ತಾನೇ ಬರೆದಿಟ್ಟುಕೊಳ್ಳುವ ಥರ್ಮಾಮೀಟರ್. ಅದರ ಅಂಕಿಯನ್ನು ಚೌಕದ ಅಂಕಿಗೆ ಹೋಲಿಸಿ ಸರಿಪಡಿಸಿ.

ತೇವದ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ಸಾಪೇಕ್ಷ ಆರ್ದ್ರತೆ, ಅಂದರೆ "ಹ್ಯುಮಿಡಿಟಿ 80 ಪರ್ಸೆಂಟ್" ಅನ್ನುವ ಅಂಕಿ, ಅದೊಂದನ್ನೇ ಮಾಡೆಲ್‌ಗೆ ಹಾಕಬೇಡಿ. ಹುಲ್ಲಿನಲ್ಲಿ ಕಾದ ಮರಿ ಸಾಯುವುದು ಒಣಗಿ. ಗಾಳಿ ಇನ್ನೂ ಎಷ್ಟು ನೀರು ಹೀರಬಲ್ಲದು ಅನ್ನುವುದು ಅದಕ್ಕೆ ಮುಖ್ಯ. ಇದಕ್ಕೆ ಸ್ಯಾಚುರೇಶನ್ ಡೆಫಿಸಿಟ್ ಅಂತಾರೆ, ಗಾಳಿಯ ಬಾಯಾರಿಕೆ ಅಂದುಕೊಳ್ಳಿ. 20 ಡಿಗ್ರಿಯಲ್ಲಿ 80 ಪರ್ಸೆಂಟ್ ಇದ್ದರೆ ಈ ಬಾಯಾರಿಕೆ ಸುಮಾರು 0.47 ಕಿಲೋಪಾಸ್ಕಲ್. ಅದೇ 80 ಪರ್ಸೆಂಟ್ 30 ಡಿಗ್ರಿಯಲ್ಲಿ ಇದ್ದರೆ 0.85. ಹ್ಯುಮಿಡಿಟಿ ಒಂದೇ, ಮರಿಯ ಪಾಡು ಬೇರೆ ಬೇರೆ, ಅಲ್ವಾ?

6. ಮಾಡೆಲ್ ಕಟ್ಟುವುದು

ಮೊದಲು ಕಾಗದದ ಮೇಲೆ ನಾಲ್ಕು ಡಬ್ಬಿ ಬರೆಯಿರಿ: ಮೊಟ್ಟೆ, ಹುಲ್ಲಿನ ಮೇಲಿನ ಮರಿ, ದನದ ಮೇಲಿನವು, ನೆಲಕ್ಕೆ ಬಿದ್ದ ಹೆಣ್ಣು. ಬಾಣ ಎಳೆಯಿರಿ. ಪ್ರತಿ ಬಾಣದ ಮೇಲೂ ಒಂದು ಪಾಲು ಬರೆಯಿರಿ. ಮರಿಯ ಡಬ್ಬಿಯ ಲೆಕ್ಕ ಹೀಗಿರುತ್ತೆ:

ಮುಂದಿನ ವಾರದ ಮರಿ = ಈ ವಾರದ ಮರಿ × ಸಾಯದೆ ಉಳಿದ ಪಾಲು × ದನ ಸಿಗದೆ ಉಳಿದ ಪಾಲು + ಈ ವಾರ ಒಡೆದ ಮೊಟ್ಟೆ

ಉಳಿದವೂ ಇದೇ ಜಾಡು. ಸಾಯುವ ಪಾಲು ಗಾಳಿಯ ಬಾಯಾರಿಕೆಗೆ ತಕ್ಕಂತೆ ಬದಲಾಗುತ್ತೆ, ಮೊಟ್ಟೆ ಒಡೆಯುವ ಕಾಲ ಉಷ್ಣಾಂಶಕ್ಕೆ ತಕ್ಕಂತೆ.

ಕಂಪ್ಯೂಟರ್ ಮುಟ್ಟುವ ಮೊದಲು ಕೈಲೆಕ್ಕ ಒಂದು ಮಾಡಿ. ಲೆಕ್ಕಕ್ಕಾಗಿ ಹಿಡಿದ ಅಂಕಿಗಳಿವು. ಒಂದು ಹೆಣ್ಣು 2500 ಮೊಟ್ಟೆ ಇಟ್ಟಿತು. ನೂರಕ್ಕೆ 80 ಒಡೆದರೆ 2000 ಮರಿ. ನೂರಕ್ಕೆ 5ಕ್ಕೆ ದನ ಸಿಕ್ಕರೆ 100. ಸೀಮೆ ಹಸುವಿನ ಮೇಲೆ ಅದರಲ್ಲಿ 10 ಬದುಕಿ ಬೆಳೆದವು, ಅರ್ಧ ಹೆಣ್ಣು: 5. ಒಂದು ಹೋಗಿ ಐದಾಯಿತು. ಅದೇ ಮರಿಗಳು ಮಲೆನಾಡು ಗಿಡ್ಡದಂಥ ನಾಟಿ ಹಸುವಿನ ಮೇಲೆ ಹತ್ತಿ, ನೂರರಲ್ಲಿ 2 ಮಾತ್ರ ಬೆಳೆದರೆ ಹೆಣ್ಣು 1. ಒಂದು ಹೋಗಿ ಒಂದೇ ಬಂತು, ಸಂಖ್ಯೆ ಏರುವುದೇ ಇಲ್ಲ. ನಾಟಿ ತಳಿಗಳ ಚರ್ಮ, ರೋಗನಿರೋಧಕ ಶಕ್ತಿ, ನೆಕ್ಕಿ ತೆಗೆಯುವ ಅಭ್ಯಾಸ ಎಲ್ಲ ಸೇರಿ ಮಾಡುವ ಕೆಲಸ ಇದು. ಹಾಗಾಗಿ "ಊರಲ್ಲಿ ಎಷ್ಟು ದನ" ಅನ್ನುವುದಷ್ಟೇ ಸಾಲದು, ಯಾವ ತಳಿ ಎಷ್ಟು ಅಂತ ಬೇಕು. 2019ರ 20ನೇ ಜಾನುವಾರು ಗಣತಿಯಲ್ಲಿ ಮಿಶ್ರತಳಿ, ನಾಟಿ ಅಂತ ಬೇರೆ ಬೇರೆ ಅಂಕಿ ಇದೆ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದಂಥ ಕಡೆ ಪೂರ್ತಿ ನಾಟಿ ಹಿಂಡು ಹೋಲಿಕೆಗೆ ಸಿಗುವುದು ಈ ಭಾಗದಲ್ಲಿ ಕೆಲಸ ಮಾಡುವವರ ಪುಣ್ಯ.

ಇಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ಮೊಟ್ಟೆ ಒಡೆಯಲು ನಾಲ್ಕು ವಾರ ಅಂತ "ವಾರಕ್ಕೆ ಕಾಲು ಪಾಲು ಒಡೆಯುತ್ತೆ" ಅಂತ ಬರೆಯುವುದು ಒಂದು. ಹಾಗೆ ಬರೆದರೆ ಇಟ್ಟ ಮಾರನೇ ವಾರವೇ ಕಾಲು ಪಾಲು ಮರಿ ಓಡಾಡತೊಡಗುತ್ತವೆ, ನಿಜದಲ್ಲಿ ಒಂದೂ ಇರುವುದಿಲ್ಲ. ಮೊಟ್ಟೆಗೇ ನಾಲ್ಕು ಡಬ್ಬಿ ಸಾಲಾಗಿ ಇಡಿ, ವಾರಕ್ಕೊಂದು ಡಬ್ಬಿ ದಾಟಿಸಿ. ಇನ್ನೊಂದು ತಪ್ಪು, ದನದ ಮೈಮೇಲಿನ ಇಕ್ಕಟ್ಟನ್ನು ಮರೆಯುವುದು. ಉಣುಗು ಜಾಸ್ತಿಯಾದಷ್ಟೂ ದನದ ಪ್ರತಿರೋಧ ಏರುತ್ತೆ, ಉಳಿಯುವ ಪಾಲು ಇಳಿಯುತ್ತೆ. ಇದನ್ನು ಬಿಟ್ಟರೆ ಮೂರನೇ ವರ್ಷಕ್ಕೆ ನಿಮ್ಮ ಮಾಡೆಲ್‌ನ ಹಸುವಿನ ಮೇಲೆ ಕೋಟಿ ಉಣುಗು ಕೂತಿರುತ್ತವೆ.

ಸಾಫ್ಟ್‌ವೇರ್: ಮೊದಲು ಎಕ್ಸೆಲ್ ಹಾಳೆಯಲ್ಲೇ ಓಡಿಸಿ, ಆಮೇಲೆ ಆರ್ (R) ಅಥವಾ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಯಾವುದು ಬರುತ್ತೋ ಅದು.

7. ರೋಗವನ್ನು ಸೇರಿಸುವುದು

ಉಣುಗಿನ ಲೆಕ್ಕ ಗಟ್ಟಿಯಾದ ಮೇಲಷ್ಟೇ ರೋಗಕ್ಕೆ ಕೈ ಹಾಕಿ. ಬೆಬೀಸಿಯಾ ಕೆಂಪು ರಕ್ತಕಣದೊಳಗೆ ಕೂರುವ ಜೀವಿ. ಹಸು ಕೆಂಪಗೆ ಗಂಜಲ ಹುಯ್ಯುವುದು ಇದರಿಂದ. ಉಣುಗು ರೋಗ ಹರಡುತ್ತೆ ಅಂತ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಅಮೆರಿಕದಲ್ಲಿ ತೋರಿಸಿದ್ದು ಇದೇ ರೋಗದ ಮೇಲೆ. ಒಂದೇ ಹಸುವಿನ ಮೇಲೆ ಬದುಕು ಮುಗಿಸುವ ಉಣುಗು ಇನ್ನೊಂದು ಹಸುವಿಗೆ ರೋಗ ಕೊಡುವುದು ಹೇಗೆ? ತಾಯಿಯಿಂದ ಮೊಟ್ಟೆಗೆ ಹೋಗುತ್ತೆ, ಮರಿ ಹುಟ್ಟುವಾಗಲೇ ಹೊತ್ತು ಬರುತ್ತೆ. ಥೈಲೀರಿಯಾ ಕೂಡ ದನದ ರಕ್ತಕಣಕ್ಕೆ ಸೇರುವ ಇಂಥದ್ದೇ ರೋಗಾಣು, ಆದರೆ ಅದು ಮೊಟ್ಟೆಗೆ ಹೋಗುವುದಿಲ್ಲ. ಒಂದು ಹಂತದಲ್ಲಿ ಕುಡಿದದ್ದನ್ನು ಮುಂದಿನ ಹಂತದಲ್ಲಿ ಕೊಡುತ್ತೆ. ಹಾಗಾಗಿ ಅದಕ್ಕೆ ಹಯಾಲೊಮ್ಮಾದಂಥ, ದನ ಬದಲಿಸುವ ಉಣುಗು ಬೇಕು. ರಕ್ತಕಣದಲ್ಲಿ ಕೂರುವ ಇನ್ನೊಂದು ರೋಗಾಣು ಅನಾಪ್ಲಾಸ್ಮಾ, ಕಚ್ಚುವ ನೊಣದಿಂದಲೂ, ಒಂದೇ ಸೂಜಿ ಎಲ್ಲ ದನಕ್ಕೂ ಚುಚ್ಚುವುದರಿಂದಲೂ ಹರಡುತ್ತೆ. ಅದರ ಹೊಣೆಯನ್ನೆಲ್ಲ ಉಣುಗಿಗೆ ಕಟ್ಟಿದರೆ ಮಾಡೆಲ್ ಸುಳ್ಳು ಹೇಳುತ್ತೆ.

ಬೆಬೀಸಿಯಾದಲ್ಲಿ ಒಂದು ವಿಚಿತ್ರ ಇದೆ. ಕರುಗಳಿಗೆ ಸುಮಾರು ಒಂಬತ್ತು ತಿಂಗಳೊಳಗೆ ಸೋಂಕು ತಾಗಿದರೆ ಹೆಚ್ಚಾಗಿ ಜೋರು ಕಾಯಿಲೆ ಬರುವುದಿಲ್ಲ, ಪ್ರತಿರೋಧ ಮಾತ್ರ ಉಳಿಯುತ್ತೆ. ದೊಡ್ಡದಾದ ಮೇಲೆ ಮೊದಲ ಸಲ ತಾಗಿದರೆ ಸಾಯಬಹುದು. ಒಂದು ಕರುವಿಗೆ ದಿನಕ್ಕೆ ಸೋಂಕು ತಾಗುವ ಸಂಭವ 0.005 ಇದ್ದರೆ 270 ದಿನಕ್ಕೆ ನೂರರಲ್ಲಿ ಸುಮಾರು 74 ಕರುಗಳಿಗೆ ತಾಗಿರುತ್ತೆ. ಅದನ್ನು 0.001ಕ್ಕೆ ಇಳಿಸಿದರೆ 24ಕ್ಕೆ ಮಾತ್ರ. ಉಳಿದ 76 ಯಾವ ರಕ್ಷಣೆಯೂ ಇಲ್ಲದೆ ದೊಡ್ಡವಾಗುತ್ತವೆ. ಅಂದರೆ ಅರ್ಧಂಬರ್ಧ ಉಣುಗು ನಿಯಂತ್ರಣ ಮಾಡಿದ ಊರಲ್ಲಿ ರೋಗ ಜಾಸ್ತಿಯಾಗಬಹುದು! ನೂರಕ್ಕೆ 75ರ ಆಸುಪಾಸು ಕರುಗಳಿಗೆ ಮೊದಲೇ ತಾಗಿದ್ದರೆ ಅದನ್ನು ಎಂಡೆಮಿಕ್ ಸ್ಟೆಬಿಲಿಟಿ ಅಂತಾರೆ, ರೋಗಾಣುವಿದ್ದೂ ರೋಗವಿಲ್ಲದ ಸ್ಥಿತಿ. ಈ ಲೆಕ್ಕವನ್ನು ಹಯಾಲೊಮ್ಮಾ ಹರಡುವ ಥೈಲೀರಿಯಾ ಅನ್ಯುಲಾಟಾಕ್ಕೆ ಎತ್ತಿ ಹಾಕಬೇಡಿ. ಅದು ಮಿಶ್ರತಳಿ ಕರುಗಳನ್ನೂ ಕೊಲ್ಲುತ್ತೆ.

8. ಪರೀಕ್ಷೆ

ನಿಮ್ಮ ಹತ್ತಿರ ತಿಂಗಳಿಗೊಂದರಂತೆ ಹನ್ನೆರಡು ಎಣಿಕೆ ಇದೆ, ಮಾಡೆಲ್‌ನಲ್ಲಿ ನೀವೇ ಹೆಚ್ಚುಕಮ್ಮಿ ಮಾಡಬಲ್ಲ ಹದಿನೈದು ಅಂಕಿ ಇದೆ ಅಂದರೆ ಗ್ರಾಫಿನ ಗೆರೆಯನ್ನು ಯಾವ ಎಣಿಕೆಗೆ ಬೇಕಾದರೂ ಕೂಡಿಸಬಹುದು. ಅದು ಸಾಧನೆಯಲ್ಲ. ಒಂದು ವರ್ಷದ ಎಣಿಕೆಯಿಂದ ಮಾಡೆಲ್ ಹೊಂದಿಸಿ, ಇನ್ನೊಂದು ವರ್ಷವನ್ನು ಮುಚ್ಚಿಟ್ಟು, ಅದನ್ನು ಹೇಳಬಲ್ಲದೇ ನೋಡಿ. ಇನ್ನೂ ಒಳ್ಳೆಯದು: ಸಕಲೇಶಪುರದಲ್ಲಿ ಕಟ್ಟಿದ್ದನ್ನು ಅರಸೀಕೆರೆಯ ಹವಾಮಾನದಲ್ಲಿ ಓಡಿಸಿ. ಒಂದೇ ಜಿಲ್ಲೆಯಲ್ಲಿ ಮಲೆನಾಡೂ ಬಯಲೂ ಇರುವಾಗ ಇಂಥ ಪರೀಕ್ಷೆಗೆ ಬೇರೆ ರಾಜ್ಯಕ್ಕೆ ಹೋಗಬೇಕಿಲ್ಲ.

ಔಷಧಿಯ ಪರಿಣಾಮ ಹಾಕುವಾಗ ಡಬ್ಬಿಯ ಮೇಲೆ ಬರೆದದ್ದನ್ನೇ ನಂಬಬೇಡಿ. ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್ ಗುಂಪಿಗೆ ಬಗ್ಗದ ಉಣುಗುಗಳು ದೇಶದ ಹಲವು ಕಡೆ ಸಿಕ್ಕಿವೆ. ತುಂಬಿದ ಹೆಣ್ಣುಗಳನ್ನು ಔಷಧಿಯಲ್ಲಿ ಅದ್ದಿ, ಮೊಟ್ಟೆ ಇಡುತ್ತವೆಯೇ ನೋಡುವ ಪರೀಕ್ಷೆ ಇದೆ. ನಿಮ್ಮ ಊರಿನ ಉಣುಗಿನ ಮೇಲೆ ಅದನ್ನು ಮಾಡಿಸಿ, ಆ ಅಂಕಿ ಹಾಕಿ.

9. ಅರ್ಜಿ

ಮೊದಲು ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಎಸ್‌ಇಆರ್‌ಬಿ ಕೊಡುತ್ತಿದ್ದ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಈಗ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್ ಕೈಯಲ್ಲಿದೆ, ಅವಧಿ ಎರಡು ವರ್ಷ. ಜೈವಿಕ ತಂತ್ರಜ್ಞಾನ ಇಲಾಖೆಯ ರಿಸರ್ಚ್ ಅಸೋಸಿಯೇಟ್‌ಶಿಪ್ ಕೂಡ ಇದೆ. ವಯಸ್ಸಿನ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಮಾರ್ಗದರ್ಶಕರು ಹಾಸನದಲ್ಲೇ ಇರಬೇಕೆಂದಿಲ್ಲ. ಬೆಂಗಳೂರು ಯಲಹಂಕದ ನಿವೇದಿ ಪಶುರೋಗಗಳ ಹರಡುವಿಕೆಯನ್ನೇ ಓದುವ ಸಂಸ್ಥೆ. ಅಲ್ಲಿಗೆ ಬರೆಯುವಾಗ "ನನಗೆ ನಿಮ್ಮ ಕೆಲಸದಲ್ಲಿ ಆಸಕ್ತಿ" ಅಂತ ಒಂದು ಪುಟ ಬರೆಯುವ ಬದಲು, ನಾಲ್ಕು ಡಬ್ಬಿಯ ಚಿತ್ರ, ನೀವೇ ಎಣಿಸಿದ ಮೂರು ಕೊಟ್ಟಿಗೆಯ ಪಟ್ಟಿ ಕಳಿಸಿ.

ಎರಡು ವರ್ಷ ಅಂದರೆ ಎರಡು ಮಳೆಗಾಲ. ಅನುಮತಿ ಬರುವಷ್ಟರಲ್ಲಿ ಒಂದು ಹೋಗಿರುತ್ತೆ. ಆದ್ದರಿಂದ ಎಣಿಸಿ ಕೈ ಪಳಗಿಸಿಕೊಳ್ಳುವ ಕೆಲಸಕ್ಕೆ ಫೆಲೋಶಿಪ್ ಕಾಯಬೇಡಿ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಸು ಇದ್ದೇ ಇರುತ್ತೆ. ನಾಳೆ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಸ್ಕೇಲು ಹಿಡಿದು ಹೋಗಿ, ಎಡಗಿವಿಯಿಂದ ಶುರು ಮಾಡಿ.